ಗಾಲ್ಫ್ ಡ್ರೈವರ್ ಕೈ ಕೊಡ್ತಿದೆಯಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಜಾಸ್ತಿ ಇದ್ದಷ್ಟೂ ಆಟ ಕಚ್ಚಾ) 20 ದಾಟಿದವರ ಬ್ಯಾಗಿನಲ್ಲಿ ಜಾಸ್ತಿ ಬೈಸಿಕೊಳ್ಳುವ ಕ್ಲಬ್ ಡ್ರೈವರ್, ಅಂದರೆ ದೂರ ಹೊಡೆಯಲು ಬಳಸುವ ಉದ್ದನೆ ಕ್ಲಬ್. ಚೆಂಡು ಬಲಕ್ಕೆ ಓಡಿ ಮರಗಳ ಒಳಗೆ ಹೋಯಿತಾ, ಡ್ರೈವರ್ ಸರಿಯಿಲ್ಲ. ಮೇಲೇಳಲೇ ಇಲ್ವಾ, ಡ್ರೈವರ್ ಸರಿಯಿಲ್ಲ. ಹೊಸದು ಬರುತ್ತದೆ, ಸ್ವಲ್ಪ ದಿನ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಮರ, ಅದೇ ಚೆಂಡು ಹುಡುಕಾಟ.

ಕಾರಣ ಹುಡುಕದೆ ಕ್ಲಬ್ ಬದಲಾಯಿಸಿದರೆ ಹೀಗೇ ಆಗುವುದು. ಕೆಟ್ಟ ಡ್ರೈವ್‌ಗೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಚೆಂಡು ಫೇಸಿನ (ಕ್ಲಬ್ ತಲೆಯಲ್ಲಿ ಚೆಂಡಿಗೆ ತಗಲುವ ಮುಖದ) ತಪ್ಪು ಜಾಗಕ್ಕೆ ತಗಲುತ್ತಿರಬಹುದು, ಅಥವಾ ಕ್ಲಬ್ಬಿನ ಅಳತೆ ನಿಮ್ಮ ಸ್ವಿಂಗಿಗೆ ಹೊಂದದೇ ಇರಬಹುದು, ಇಲ್ಲವೇ ಕ್ಲಬ್ ನಿಜವಾಗಿಯೂ ಒಡೆದಿರಬಹುದು. ಮೂರನೆಯದು ಅಪರೂಪ, ಆದರೆ ಅಪಾಯ ಇರುವುದು ಅದರಲ್ಲೇ. ಮೊದಲನೆಯದಕ್ಕೆ ಖರ್ಚೇ ಇಲ್ಲ. ಎರಡನೆಯದರಲ್ಲಿ ಅರ್ಧ ಸಮಸ್ಯೆ ಇರುವ ಕ್ಲಬ್ಬಿನಲ್ಲೇ ಸರಿಹೋಗುತ್ತದೆ.

ಹೊಸಬರಿಗೆ ಮತ್ತು ಹೆಚ್ಚು ಹ್ಯಾಂಡಿಕ್ಯಾಪ್ ಇರುವವರಿಗೆ ಎಂಥ ಡ್ರೈವರ್ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ತಲೆ ದೊಡ್ಡದಿರಬೇಕು. ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, 10.5 ಡಿಗ್ರಿಗಿಂತ ಕಡಿಮೆ ಬೇಡ, 12 ಇದ್ದರೆ ಇನ್ನೂ ಒಳ್ಳೆಯದು. ಶಾಫ್ಟ್ (ಕ್ಲಬ್ಬಿನ ಕೋಲು) ಅಂಗಡಿಯಲ್ಲಿ ಸಿಗುವುದಕ್ಕಿಂತ ಗಿಡ್ಡ ಇರಬೇಕು. ತಿರುಗಿಸುವ, ಜರುಗಿಸುವ ಭಾಗಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಯಾಕೆ ಅನ್ನುವುದು ಕೆಳಗಿನ ಲಕ್ಷಣಗಳಲ್ಲಿ ಒಂದೊಂದಾಗಿ ಬರುತ್ತದೆ. ಇಲ್ಲಿ ಬರೆದದ್ದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ ಬಲ ಅದಲುಬದಲು ಮಾಡಿಕೊಂಡು ಓದಿ.

ಯಾವ ಲಕ್ಷಣವಾದರೂ ಸರಿ, ಮೊದಲು ಫೇಸಿನ ಗುರುತು ನೋಡಿ

ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ಸಿಗುತ್ತದಲ್ಲ, ಅದನ್ನು ಡ್ರೈವರ್ ಫೇಸಿಗೆ ತೆಳ್ಳಗೆ ಹೊಡೆಯಿರಿ. ಅದು ಸಿಗದಿದ್ದರೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಚೆಂಡಿನ ಮೇಲೆ ದಪ್ಪಗೆ ಬಳಿದು, ಆ ಬದಿ ಫೇಸಿಗೆ ಎದುರಾಗುವ ಹಾಗೆ ಟೀ (ಚೆಂಡು ಇಡುವ ಪುಟ್ಟ ಗೂಟ) ಮೇಲೆ ಇಡಿ. ರೇಂಜಿನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಹತ್ತು ಚೆಂಡು ಹೊಡೆಯಿರಿ. ಚೆಂಡು ಎಲ್ಲಿಗೆ ಹೋಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ, ಪ್ರತಿ ಹೊಡೆತ ಆದ ಮೇಲೆ ಕ್ಲಬ್ ತಿರುಗಿಸಿ ಫೇಸ್ ನೋಡಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಬಿಳಿ ಪುಡಿಯ ನಡುವೆ ಪುಡಿ ಎದ್ದುಹೋದ ಒಂದು ದುಂಡನೆ ಕಲೆ ಕಾಣುತ್ತದೆ. ಹತ್ತಿರ ಹಿಡಿದು ನೋಡಿದರೆ ಅದರೊಳಗೆ ಚೆಂಡಿನ ಗುಳಿಗಳ ಅಚ್ಚೂ ಇರುತ್ತದೆ. ಆ ಕಲೆ ಶಾಫ್ಟಿನ ಕಡೆ ಇದ್ದರೆ ಹೀಲ್, ಆಚೆ ತುದಿಯ ಕಡೆ ಇದ್ದರೆ ಟೋ. ಒಳ್ಳೆಯ ಜಾಗ ಅಂದರೆ ಫೇಸಿನ ನಡುವಿಗಿಂತ ಒಂದು ಚೂರು ಮೇಲೆ.

ಜಾಗಕ್ಕೆ ಯಾಕೆ ಇಷ್ಟು ಮಹತ್ವ ಅಂದರೆ, ಡ್ರೈವರ್ ಫೇಸ್ ಚಪ್ಪಟೆ ಅಲ್ಲ, ಅಡ್ಡಕ್ಕೂ ಉದ್ದಕ್ಕೂ ಸ್ವಲ್ಪ ಉಬ್ಬಿರುತ್ತದೆ. ಚೆಂಡು ಟೋ ಕಡೆ ತಗುಲಿದಾಗ ತಲೆ ಒಂದು ದಿಕ್ಕಿಗೆ ತಿರುಗುತ್ತದೆ, ಚೆಂಡು ಅದಕ್ಕೆ ಎದುರು ದಿಕ್ಕಿಗೆ ತಿರುಗಿಕೊಂಡು ಹೊರಡುತ್ತದೆ, ಹಲ್ಲಿನ ಚಕ್ರಗಳು ಒಂದನ್ನೊಂದು ತಿರುಗಿಸುವ ಹಾಗೆ. ಅದಕ್ಕೇ ಇದನ್ನು ಗೇರ್ ಎಫೆಕ್ಟ್ ಅನ್ನುತ್ತಾರೆ. ಹಾಗಾಗಿ ಟೋ ಹೊಡೆತ ಎಡಕ್ಕೆ ಬಾಗುತ್ತದೆ, ಹೀಲ್ ಹೊಡೆತ ಬಲಕ್ಕೆ ಬಾಗುತ್ತದೆ. ಫೇಸಿನ ಮೇಲ್ಭಾಗಕ್ಕೆ ತಗುಲಿದರೆ ಚೆಂಡು ಎತ್ತರಕ್ಕೆ, ಕಡಿಮೆ ಸ್ಪಿನ್‌ನಲ್ಲಿ ಹೋಗುತ್ತದೆ. ಕೆಳಭಾಗಕ್ಕೆ ತಗುಲಿದರೆ ತಗ್ಗಾಗಿ ಹೊರಟು, ಸ್ಪಿನ್ ಜಾಸ್ತಿಯಾಗಿ, ದೂರ ಕಡಿಮೆಯಾಗುತ್ತದೆ.

ಈಗ ಹತ್ತೂ ಗುರುತು ಒಟ್ಟಿಗೆ ನೋಡಿ. ಎಲ್ಲ ಒಂದೇ ಕಡೆ ಗುಂಪಾಗಿ, ಆದರೆ ತಪ್ಪು ಜಾಗದಲ್ಲಿ ಇದ್ದರೆ ಅದು ಒಳ್ಳೆಯ ಸುದ್ದಿ. ನಿಮ್ಮ ಸ್ವಿಂಗ್ ಪ್ರತಿ ಸಲ ಒಂದೇ ತರ ಬರುತ್ತಿದೆ, ನಿಲ್ಲುವ ಜಾಗ ಅಥವಾ ಟೀ ಎತ್ತರ ಬದಲಿಸಿದರೆ ಸಾಕಾಗಬಹುದು. ಗುರುತುಗಳು ಫೇಸಿನ ತುಂಬಾ ಚೆದುರಿದ್ದರೆ ಕೆಳಗೆ ಶಾಫ್ಟಿನ ಉದ್ದದ ಬಗ್ಗೆ ಬರೆದ ಭಾಗಕ್ಕೆ ನೇರ ಹೋಗಿ.

ಚೆಂಡು ಬಲಕ್ಕೆ ಬಾಗಿ ಓಡುತ್ತಿದೆ

ಇದು ಎಲ್ಲರ ದೂರು, ಇದನ್ನೇ ಸ್ಲೈಸ್ ಅನ್ನುತ್ತಾರೆ. ಡ್ರೈವರ್ ಹೊಡೆತ ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಚೆಂಡಿಗೆ ತಗಲುವ ಕ್ಷಣದಲ್ಲಿ ಫೇಸ್ ಯಾವ ಕಡೆ ನೋಡುತ್ತಿತ್ತು ಅನ್ನುವುದು. ಆಮೇಲೆ ಎಷ್ಟು ಬಾಗುತ್ತದೆ ಅನ್ನುವುದು ಫೇಸಿಗೂ ಸ್ವಿಂಗ್ ಹಾದಿಗೂ ಇರುವ ಅಂತರದ ಮೇಲೆ ನಿಂತಿದೆ. ಅಂದರೆ ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಹಾದಿ ತುಂಬಾ ಎಡಕ್ಕಿದೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಹೋದರೆ ಫೇಸ್ ತೆರೆದುಕೊಂಡೇ ಬರುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಚೆಂಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ ಎಲ್ಲಿಗೆ ಹೊರಟಿತು ಅನ್ನುವುದನ್ನು ಮೊದಲು ನೋಡಿ.

ಮೊದಲ ಪರೀಕ್ಷೆ ಕೈ ಹಿಡಿತ. ಕ್ಲಬ್ ಹಿಡಿದು ಕೆಳಗೆ ನೋಡಿದಾಗ ಎಡಗೈಯ ಗೆಣ್ಣು ಎಷ್ಟು ಕಾಣುತ್ತವೆ? ಒಂದೇ ಕಂಡರೆ ಫೇಸ್ ತೆರೆದುಕೊಳ್ಳುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಎರಡು ಚೆನ್ನಾಗಿ ಕಂಡು ಮೂರನೆಯದು ಇಣುಕುವಷ್ಟು ಕೈಯನ್ನು ಬಲಕ್ಕೆ ತಿರುಗಿಸಿ ಹಿಡಿಯಿರಿ. ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಅದು ಸಹಜ. ಹಾಗೇ ಗ್ರಿಪ್ ರಬ್ಬರನ್ನೂ ಮುಟ್ಟಿ ನೋಡಿ. ಹೆಬ್ಬೆರಳು ಕೂರುವ ಜಾಗ ನುಣುಪಾಗಿ ಹೊಳೆಯುತ್ತಿದ್ದರೆ ನೀವು ಕ್ಲಬ್ ಜಾರದಿರಲಿ ಅಂತ ಗೊತ್ತಿಲ್ಲದೇ ಬಿಗಿಯಾಗಿ ಹಿಡಿಯುತ್ತಿದ್ದೀರಿ, ಬಿಗಿ ಹಿಡಿದ ಕೈ ಸರಿಯಾಗಿ ತಿರುಗುವುದಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆ ಟೂತ್‌ಬ್ರಷ್ ಹಾಕಿ ಉಜ್ಜಿ ಒಣಗಿಸಿ. ಆಗಲೂ ಜಾರಿದರೆ ಗ್ರಿಪ್ ಬದಲಿಸುವ ಸಮಯ ಬಂದಿದೆ.

ಎರಡನೆಯದು ಚೆಂಡಿನ ಜಾಗ ಮತ್ತು ಭುಜ. ಚೆಂಡು ಎಡ ಹಿಮ್ಮಡಿಯ ನೇರಕ್ಕಿರಲಿ. ಅದಕ್ಕಿಂತ ಮುಂದೆ ಇಟ್ಟರೆ ಚೆಂಡನ್ನು ಮುಟ್ಟಲು ಭುಜ ಎಡಕ್ಕೆ ತಿರುಗುತ್ತದೆ, ಹಾದಿಯೂ ಅದರ ಹಿಂದೆಯೇ ಎಡಕ್ಕೆ ಹೋಗುತ್ತದೆ. ಸ್ಲೈಸ್ ಇರುವವರು ಚೆಂಡು ಬಲಕ್ಕೆ ಹೋಗುತ್ತದಲ್ಲ ಅಂತ ಇನ್ನೂ ಎಡಕ್ಕೆ ಗುರಿ ಇಡುತ್ತಾರೆ. ಅದರಿಂದ ಸ್ಲೈಸ್ ಜಾಸ್ತಿಯಾಗುತ್ತದೆ ಅಷ್ಟೇ. ನೆಲದ ಮೇಲೆ ಒಂದು ಕ್ಲಬ್ ಮಲಗಿಸಿ ಪಾದ ಮತ್ತು ಭುಜ ಅದಕ್ಕೆ ಸಮಾನಾಂತರವಾಗಿವೆಯಾ ಅಂತ ಯಾರನ್ನಾದರೂ ಹಿಂದಿನಿಂದ ನೋಡಲು ಹೇಳಿ.

ಮೂರನೆಯದು ಆ ಹತ್ತು ಗುರುತು. ಗುಂಪು ಹೀಲ್ ಕಡೆ ಇದ್ದರೆ ಸ್ಲೈಸಿನ ಒಂದು ಭಾಗ ಗೇರ್ ಎಫೆಕ್ಟ್ ಮಾಡುತ್ತಿರುವುದು. ಈಗ ನಿಲ್ಲುವುದಕ್ಕಿಂತ ಚೆಂಡಿನಿಂದ ಅರ್ಧ ಇಂಚು ಹಿಂದೆ ಸರಿದು ನಿಂತು ನೋಡಿ. ಇದರಿಂದಲೇ ಅರ್ಧ ಸ್ಲೈಸ್ ಕಡಿಮೆಯಾಗುವವರು ಇದ್ದಾರೆ.

ಇಷ್ಟೆಲ್ಲ ಖರ್ಚಿಲ್ಲದ್ದು. ಈಗ ಕ್ಲಬ್ಬಿಗೆ ಬನ್ನಿ. ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ಲಾಫ್ಟ್ ಬದಲಿಸುವ ತೋಳು (ತಿರುಗಿಸಬಹುದಾದ ಕೊಳವೆ, ಸ್ಲೀವ್) ಇದ್ದರೆ ಅದು ಯಾವ ಅಂಕಿಯ ಮೇಲಿದೆ ನೋಡಿ. ತುಂಬಾ ಜನ ದೂರ ಸಿಗಲಿ ಅಂತ ಲಾಫ್ಟ್ ಇಳಿಸಿರುತ್ತಾರೆ. ಇಂಥ ತೋಳಿನಲ್ಲಿ ಲಾಫ್ಟ್ ಇಳಿಸಿದರೆ ಫೇಸ್ ಬಲಕ್ಕೆ ತೆರೆದುಕೊಳ್ಳುತ್ತದೆ, ಏರಿಸಿದರೆ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಸ್ಲೈಸ್ ಇರುವವರು ಲಾಫ್ಟ್ ಇಳಿಸುವುದು ಎಂದರೆ ಸ್ಲೈಸನ್ನು ಕರೆದು ಕೂರಿಸಿಕೊಂಡಂತೆ. ಪ್ಲಸ್ ಕಡೆ ತಿರುಗಿಸಿ. ಜರುಗಿಸುವ ತೂಕ ಇದ್ದರೆ ಅದನ್ನು ಹೀಲ್ ಕಡೆ ತನ್ನಿ. ಇದೆಲ್ಲ ರೌಂಡ್ ಶುರುವಾಗುವ ಮೊದಲೇ ಮಾಡಿ. ಆಟದ ನಡುವೆ ಬೇಕಂತಲೇ ಕ್ಲಬ್ಬಿನ ಸೆಟ್ಟಿಂಗ್ ಬದಲಿಸಿ ಅದರಿಂದ ಹೊಡೆಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

ಇದಾದ ಮೇಲೂ ಬಲಕ್ಕೇ ಹೋಗುತ್ತಿದ್ದರೆ ಡ್ರಾ ಕಡೆ, ಅಂದರೆ ಚೆಂಡು ಸ್ವಲ್ಪ ಎಡಕ್ಕೆ ಬಾಗುವ ಕಡೆ, ವಾಲಿಸಿ ಮಾಡಿದ ತಲೆ ನೋಡಬಹುದು. ಪಿಂಗ್‌ನ ಎಸ್‌ಎಫ್‌ಟಿ, ಕ್ಯಾಲವೇಯ ಮ್ಯಾಕ್ಸ್ ಡಿ ಇಂಥವು. ಒಳಗಿನ ತೂಕ ಹೀಲ್ ಕಡೆ ಇರುತ್ತದೆ, ಫೇಸ್ ಬೇಗ ಮುಚ್ಚಿಕೊಳ್ಳಲು ಸಹಾಯವಾಗುತ್ತದೆ. ಆದರೆ ಇದರ ಮಿತಿ ತಿಳಿದಿರಲಿ. ಚೆಂಡು ಬೀಳುವ ಜಾಗ ಸ್ವಲ್ಪ ಎಡಕ್ಕೆ ಬರಬಹುದು, ಅಷ್ಟೇ. ಪಕ್ಕದ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಆಟದ ಹಾದಿಗೆ) ಹೋಗುವ ಸ್ಲೈಸನ್ನು ಯಾವ ತಲೆಯೂ ನಿಲ್ಲಿಸುವುದಿಲ್ಲ. ಅಲ್ಲಿಗೆ ಬಂದಿದ್ದರೆ ಕ್ಲಬ್ಬಿಗೆ ಹಾಕುವ ದುಡ್ಡನ್ನು ಕೋಚ್ ಹತ್ತಿರ ಎರಡು ಪಾಠಕ್ಕೆ ಹಾಕಿ.

ಹುಕ್, ಅಂದರೆ ಚೆಂಡು ಎಡಕ್ಕೆ ಬಾಗಿ ಓಡುವುದು, ಆಗುತ್ತಿದ್ದರೆ ಮೇಲಿನದನ್ನೆಲ್ಲ ತಿರುವು ಮುರುವು ಮಾಡಿಕೊಳ್ಳಿ. ಟೋ ಗುರುತು, ತೀರಾ ಬಲಕ್ಕೆ ತಿರುಗಿದ ಹಿಡಿತ, ಇವೆರಡನ್ನು ಮೊದಲು ನೋಡಿ. ಯಾರೋ ಕೊಟ್ಟ ಡ್ರಾ ತಲೆ ನಿಮ್ಮ ಬ್ಯಾಗಿನಲ್ಲಿದೆಯಾ ಅನ್ನುವುದನ್ನೂ.

ಚೆಂಡು ಮೇಲೇಳುವುದೇ ಇಲ್ಲ, ತಗ್ಗಾಗಿ ಹೋಗಿ ಬೇಗ ಬೀಳುತ್ತದೆ

ಟೀ ಎತ್ತರದಿಂದ ಶುರು ಮಾಡಿ. ಡ್ರೈವರನ್ನು ಚೆಂಡಿನ ಹಿಂದೆ ಇಟ್ಟಾಗ ಚೆಂಡಿನ ಅರ್ಧ ಭಾಗ ಕ್ಲಬ್ಬಿನ ಮೇಲಂಚಿಗಿಂತ ಮೇಲೆ ಕಾಣಬೇಕು. ಅದಕ್ಕಿಂತ ಕೆಳಗಿದ್ದರೆ ಫೇಸಿನ ಕೆಳಭಾಗಕ್ಕೇ ತಗಲುವುದು, ಗುರುತಿನಲ್ಲೂ ಅದೇ ಕಾಣುತ್ತದೆ. ಟೀ ಉದ್ದಕ್ಕೆ ನಿಯಮದಲ್ಲಿರುವ ಮಿತಿ 4 ಇಂಚು, ಹಾಗಾಗಿ ಉದ್ದ ಟೀ ಕೊಳ್ಳಲು ಸಂಕೋಚ ಬೇಡ.

ಗುರುತು ಸರಿ ಜಾಗದಲ್ಲಿದ್ದೂ ಚೆಂಡು ಏಳದಿದ್ದರೆ ಲಾಫ್ಟ್ ಸಾಲುತ್ತಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ 3 ವುಡ್ ತಂದು ಟೀ ಮೇಲಿಂದಲೇ ಅದೇ ಗುರಿಗೆ ಹೊಡೆಯಿರಿ. ಅದರ ಲಾಫ್ಟ್ 15 ಡಿಗ್ರಿಯ ಹತ್ತಿರ ಇರುತ್ತದೆ, ಶಾಫ್ಟೂ ಗಿಡ್ಡ. ಅದು ಡ್ರೈವರಿನಷ್ಟೇ ದೂರ ಹೋದರೆ, ಅಥವಾ ಇನ್ನೂ ಮುಂದೆ ಹೋಗಿ ಬಿದ್ದರೆ, ನಿಮ್ಮ ಡ್ರೈವರಿನ ಲಾಫ್ಟ್ ನಿಮ್ಮ ವೇಗಕ್ಕೆ ಕಡಿಮೆಯಾಯಿತು ಅಂತ ಕಣ್ಣು ಮುಚ್ಚಿ ಹೇಳಬಹುದು.

9 ಡಿಗ್ರಿಯ ಡ್ರೈವರ್ ಗಟ್ಟಿಗರ ಕ್ಲಬ್ ಅನ್ನುವ ಭಾವನೆ ಇನ್ನೂ ಇದೆ. ಅದನ್ನು ಬಿಟ್ಟುಬಿಡಿ. ಸ್ವಿಂಗ್ ನಿಧಾನ ಇರುವವರಿಗೆ ದೂರ ಸಿಗುವುದು ಚೆಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವುದರಿಂದ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಲಾಫ್ಟ್ ಜಾಸ್ತಿ ಇದ್ದರೆ ಹಿಮ್ಮುಖ ಸ್ಪಿನ್ ಜಾಸ್ತಿ, ಅದು ಜಾಸ್ತಿಯಾದಷ್ಟೂ ಚೆಂಡು ತಿರುಗುವ ಅಕ್ಷ ಪಕ್ಕಕ್ಕೆ ವಾಲುವುದು ಕಡಿಮೆ, ಹಾಗಾಗಿ ಅದೇ ಕೆಟ್ಟ ಸ್ವಿಂಗಿಗೆ ಚೆಂಡು ಬಾಗುವುದೂ ಕಡಿಮೆ. ನಿಮ್ಮ 7 ಐರನ್ ಡ್ರೈವರಿನಷ್ಟು ಸ್ಲೈಸ್ ಆಗದಿರುವುದಕ್ಕೆ ಇದೂ ಒಂದು ಕಾರಣ. 12 ಡಿಗ್ರಿ ಡ್ರೈವರ್ ನೋಡಲು ಸ್ವಲ್ಪ ಮುದ್ದೆ ಅನ್ನಿಸಬಹುದು, ಆದರೆ ಚೆಂಡು ಫೇರ್‌ವೇಯಲ್ಲಿರುತ್ತದೆ.

ತಲೆಯ ಅಡಿಯಲ್ಲಿ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ. ತಯಾರಿಕೆಯಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದುಂಟು. ಕ್ಲಬ್ಬನ್ನು ಆಟಗಾರನಿಗೆ ಹೊಂದಿಸಿ ಕೊಡುವ ಫಿಟ್ಟರ್ ಹತ್ತಿರ ಅಳೆಯುವ ಉಪಕರಣ ಇರುತ್ತದೆ, ಒಂದು ಸಲ ಅಳೆಸಿ.

ಚೆಂಡು ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ, ತಲೆಯ ಮೇಲೆ ಬಿಳಿ ಗೀರು ಬಿದ್ದಿದೆ

ಇದನ್ನು ನೋಡಿ ಲಾಫ್ಟ್ ಜಾಸ್ತಿಯಾಯಿತು ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. ಕ್ರೌನ್ (ಕ್ಲಬ್ ತಲೆಯ ಮೇಲ್ಮೈ) ಮೇಲೆ, ಫೇಸಿನ ಅಂಚಿನ ಹಿಂದೆ ಗೀರು ಇದೆಯೆಂದರೆ ಕ್ಲಬ್ ಮೇಲಿನಿಂದ ಕೊಡಲಿ ಏಟಿನಂತೆ ಇಳಿದು ಚೆಂಡಿನ ಕೆಳಗೆ ನುಗ್ಗುತ್ತಿದೆ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಬರಲಿ, ಬಲ ಭುಜ ಎಡ ಭುಜಕ್ಕಿಂತ ಸ್ವಲ್ಪ ಕೆಳಗಿರಲಿ, ಟೀ ಕಾಲು ಇಂಚು ಇಳಿಸಿ. ಸರಿಹೋಗದಿದ್ದರೆ ಕೋಚ್ ನೋಡಲಿ. ಕ್ಲಬ್ ಬದಲಿಸಿ ಇದನ್ನು ಸರಿಮಾಡಲು ಆಗುವುದಿಲ್ಲ.

ಒಂದು ಹೊಡೆತ ಅದ್ಭುತ, ಮುಂದಿನ ಮೂರು ಹಾಳು

ಹೆಚ್ಚು ಹ್ಯಾಂಡಿಕ್ಯಾಪ್ ಇರುವವರ ನಿಜವಾದ ಕಾಯಿಲೆ ಇದು, ಮತ್ತು ಇದಕ್ಕೆ ಕಾರಣ ಎಷ್ಟೋ ಸಲ ಶಾಫ್ಟಿನ ಉದ್ದ. ಇವತ್ತು ಅಂಗಡಿಯ ಗೋಡೆಗೆ ಒರಗಿಸಿಟ್ಟ ಡ್ರೈವರ್‌ಗಳು ಬಹುತೇಕ 45.5ರಿಂದ 46 ಇಂಚು ಇರುತ್ತವೆ. ಉದ್ದ ಜಾಸ್ತಿಯಾದರೆ ತಲೆಯ ವೇಗ ಜಾಸ್ತಿ, ಆದ್ದರಿಂದ ದೂರ ಜಾಸ್ತಿ ಅನ್ನುವ ಲೆಕ್ಕ. ಫೇಸಿನ ನಡುವಿಗೆ ತಗುಲಿದರೆ ಮಾತ್ರ ಆ ಲೆಕ್ಕ ಸರಿ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ಟೂರ್ ಆಟಗಾರರಲ್ಲೂ ಅನೇಕರು 45 ಇಂಚಿನ ಆಸುಪಾಸಿನಲ್ಲೇ ಇರುತ್ತಾರೆ. ವಾರಕ್ಕೊಮ್ಮೆ ಆಡುವವರಿಗೆ ಅವರಿಗಿಂತ ಉದ್ದದ ಕ್ಲಬ್ ಯಾಕೆ ಬೇಕು ಹೇಳಿ? ನಿಯಮದಲ್ಲಿ ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಬಿಟ್ಟು ಉಳಿದ ಕ್ಲಬ್ಬಿಗೆ 48 ಇಂಚು ಮಿತಿ ಇದೆ. 2022ರಿಂದ ದೊಡ್ಡ ಪಂದ್ಯಗಳಲ್ಲಿ ಅದನ್ನು 46ಕ್ಕೆ ಇಳಿಸಲು ಸಂಘಟಕರಿಗೆ ಅವಕಾಶ ಬಂದಿದೆ. ಈ ಮಿತಿಗಳು ಅತಿ ವೇಗದ ಆಟಗಾರರಿಗಾಗಿ. ನಮ್ಮ ಪ್ರಶ್ನೆ ಬೇರೆಯೇ.

ಪರೀಕ್ಷೆ ಸುಲಭ. ಫೇಸಿಗೆ ಮತ್ತೆ ಪೌಡರ್ ಹೊಡೆಯಿರಿ. ಈ ಸಲ ಗ್ರಿಪ್ ತುದಿಯಿಂದ ಒಂದು ಇಂಚು ಕೆಳಗೆ ಹಿಡಿದು, ಚೆಂಡಿಗೆ ಸ್ವಲ್ಪ ಹತ್ತಿರ ನಿಂತು ಹತ್ತು ಹೊಡೆಯಿರಿ. ಹಳೆಯ ಫೋಟೊ ಜೊತೆ ಹೋಲಿಸಿ. ಗುರುತುಗಳು ನಡುವಿಗೆ ಬಂದು ಗುಂಪಾದರೆ ನಿಮಗೆ ಉತ್ತರ ಸಿಕ್ಕಿತು. ಏನೂ ಖರ್ಚು ಮಾಡದೆ ಸುಮ್ನೆ ಹಾಗೇ ಕೆಳಗೆ ಹಿಡಿದು ಆಡಬಹುದು, ತುಂಬಾ ಜನರಿಗೆ ಅಷ್ಟೇ ಸಾಕು.

ಶಾಶ್ವತವಾಗಿ ಗಿಡ್ಡ ಮಾಡಿಸುವುದಾದರೆ ಎರಡು ವಿಷಯ ಗೊತ್ತಿರಲಿ. ಕತ್ತರಿಸಬೇಕಾದ್ದು ಗ್ರಿಪ್ ಕಡೆಯ ತುದಿ. ತಲೆಯ ಕಡೆ ಕತ್ತರಿಸಿದರೆ ಶಾಫ್ಟ್ ಇನ್ನೂ ಬಿಗಿಯಾಗುತ್ತದೆ. ಎರಡನೆಯದು ತೂಕ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೆಯ್ಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು 3 ಅಂಕ ಇಳಿಯುತ್ತದೆ, ಒಂದು ಇಂಚಿಗೆ ಸುಮಾರು 6. ತಲೆ ಎಲ್ಲಿದೆ ಅಂತಲೇ ಕೈಗೆ ಗೊತ್ತಾಗದ ಹಾಗೆ ಹಗುರ ಅನ್ನಿಸುತ್ತದೆ. ಒಂದು ಅಂಕ ವಾಪಸ್ ತರಲು ತಲೆಗೆ ಸುಮಾರು 2 ಗ್ರಾಂ ಸೇರಿಸಬೇಕು, ಅಡಿಯ ಸ್ಕ್ರೂ ಭಾರದ್ದು ಹಾಕಿ ಅಥವಾ ಲೆಡ್ ಟೇಪ್ ಅಂಟಿಸಿ. ಲೆಡ್ ಅಂದರೆ ಸೀಸ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಿರಲಿ. ಗ್ರಾಫೈಟ್ ಶಾಫ್ಟ್ ಕತ್ತರಿಸುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್, ಕನ್ನಡಕ ಇಲ್ಲದೆ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಫಿಟ್ಟರಿಗೆ ಕೊಡುವುದೇ ವಾಸಿ.

ನೇರ ಹೋಗುತ್ತದೆ, ಆದರೆ ದೂರವೇ ಇಲ್ಲ

ಗುರುತು ನೋಡಿದಿರಿ, ಟೀ ನೋಡಿದಿರಿ, ಲಾಫ್ಟ್ ನೋಡಿದಿರಿ. ಆಗ ಶಾಫ್ಟಿನ ಬಿಗಿ ಮತ್ತು ತೂಕಕ್ಕೆ ಬನ್ನಿ. ಡ್ರೈವರ್ ವೇಗ ಗಂಟೆಗೆ 85 ಮೈಲಿಗಿಂತ ಕಡಿಮೆ ಇದ್ದರೆ ಸೀನಿಯರ್ ಅನ್ನುವ ಮೆದು ಶಾಫ್ಟ್ ನೋಡಬಹುದು, 85ರಿಂದ 95ಕ್ಕೆ ರೆಗ್ಯುಲರ್, ಅದರ ಮೇಲೆ ಸ್ಟಿಫ್. ಇದು ಅಂದಾಜು ಮಾತ್ರ. ರೆಗ್ಯುಲರ್, ಸ್ಟಿಫ್ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ, ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ನಷ್ಟು ಬಿಗಿ ಇರಬಹುದು. ಅಕ್ಷರ ನೋಡಿ ಕೊಳ್ಳಬೇಡಿ, ಹೊಡೆದು ನೋಡಿ ಕೊಳ್ಳಿ.

ಹಳೆಯ ಡ್ರೈವರ್ ಸವೆದು ದೂರ ಕಡಿಮೆಯಾಯಿತು ಅನ್ನುವ ಅನುಮಾನಕ್ಕೆ ಆಧಾರ ಕಡಿಮೆ. ತಲೆಯ ಗಾತ್ರಕ್ಕೆ 460 ಸಿಸಿ ಮಿತಿ 2004ರಲ್ಲೇ ಬಂತು, ಫೇಸ್ ಚೆಂಡನ್ನು ಎಷ್ಟು ಚಿಮ್ಮಿಸಬಹುದು ಅನ್ನುವುದಕ್ಕೂ ಮಿತಿ ಇದೆ. ಫೇಸಿನ ನಡುವಿಗೆ ಹೊಡೆದರೆ ಐದಾರು ವರ್ಷ ಹಳೆಯದಕ್ಕೂ ಹೊಸದಕ್ಕೂ ನೀವು ಅಂದುಕೊಂಡಷ್ಟು ವ್ಯತ್ಯಾಸ ಸಿಗುವುದಿಲ್ಲ. ವ್ಯತ್ಯಾಸ ಇರುವುದು ನಡು ತಪ್ಪಿದಾಗ. ಇಲ್ಲಿ ಎಂಒಐ ಅನ್ನುವ ಅಂಕಿ ಕೇಳಿರುತ್ತೀರಿ, ಚೆಂಡು ಹೀಲ್‌ಗೋ ಟೋಗೋ ತಗುಲಿದಾಗ ತಲೆ ತಿರುಚಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ನಿಯಮದ ಮಿತಿ 5900 ಗ್ರಾಂ ಚದರ ಸೆಂಟಿಮೀಟರ್, ಅದರ ಮೇಲೆ 100 ವಿನಾಯಿತಿ. ಹಾಗಾದರೆ 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ 10 ಸಾವಿರ ಅಂತ ಹೇಳಿಕೊಂಡು ಡ್ರೈವರ್ ತಂದದ್ದು ಹೇಗೆ? ಅಡ್ಡಕ್ಕೆ ತಿರುಚುವುದನ್ನು ತಡೆಯುವ ಅಂಕಿ ಮತ್ತು ಮೇಲೆ ಕೆಳಗೆ ವಾಲುವುದನ್ನು ತಡೆಯುವ ಅಂಕಿ ಎರಡನ್ನೂ ಕೂಡಿಸಿದರೆ ಆ ಮೊತ್ತ ಬರುತ್ತದೆ. ಮಿತಿ ಇರುವುದು ಮೊದಲನೆಯದಕ್ಕೆ ಮಾತ್ರ. ಮೋಸ ಏನಿಲ್ಲ, ಆದರೆ ಹೋಲಿಸುವಾಗ ಯಾವ ಅಂಕಿ ಅಂತ ಕೇಳಿ.

ಸರಳ ನಿಯಮ ಒಂದು ಹೇಳುತ್ತೇನೆ. ಹೆಸರಿನಲ್ಲಿ ಮ್ಯಾಕ್ಸ್ ಅಂತ ಇದ್ದರೆ ಅದು ಸಾಮಾನ್ಯವಾಗಿ ತಪ್ಪನ್ನು ಮನ್ನಿಸುವ ತಲೆ. ಎಲ್ಎಸ್ ಅಥವಾ ಟೂರ್ ಅಂತ ಇದ್ದರೆ ಕಡಿಮೆ ಸ್ಪಿನ್‌ನದ್ದು, ವೇಗ ಇರುವವರಿಗೆ. ಎಷ್ಟೇ ಚೆಂದ ಕಂಡರೂ ಅದನ್ನು ಕೆಳಗಿಡಿ.

ಸದ್ದು ಬದಲಾಗಿದೆ, ಅಥವಾ ಒಳಗೆ ಏನೋ ಗಲಗಲ ಅನ್ನುತ್ತಿದೆ

ಹೊಡೆಯುವುದನ್ನು ಇಲ್ಲಿಗೇ ನಿಲ್ಲಿಸಿ. ಮೊದಲು ಕ್ಲಬ್ ನೋಡೋಣ.

ತಲೆ ಮತ್ತು ಶಾಫ್ಟ್ ಹಿಡಿದು ನಿಧಾನಕ್ಕೆ ತಿರುಚಿ. ಸ್ವಲ್ಪವೂ ಅಲುಗಬಾರದು. ಅಲುಗಿದರೆ ಕೆಳಗಿನ ಸ್ಕ್ರೂ ಸಡಿಲವಾಗಿರಬಹುದು, ಕ್ಲಬ್ ಜೊತೆ ಬಂದ ರೆಂಚಿನಿಂದಲೇ ಬಿಗಿ ಮಾಡಿ. ಟಕ್ ಅಂತ ಸದ್ದು ಬಂದರೆ ಸಾಕು, ಅದಕ್ಕಿಂತ ಮುಂದೆ ಒತ್ತಬೇಡಿ. ಬೇರೆ ಸ್ಪ್ಯಾನರ್ ಹಾಕಿದರೆ ಸ್ಕ್ರೂವಿನ ಎಳೆ ಹೋಗುತ್ತದೆ. ಸ್ಕ್ರೂ ಬಿಗಿ ಇದ್ದೂ ಅಲುಗಿದರೆ ಅಂಟು ಬಿಟ್ಟಿದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಟ್ಟ ಕ್ಲಬ್ಬಿಗೆ ಇದು ಆಗುವುದುಂಟು. ಶಾಫ್ಟಿನ ಬುಡದ ಪ್ಲಾಸ್ಟಿಕ್ ಉಂಗುರ ಮೇಲಕ್ಕೆ ಸರಿದು ಸಂದು ಕಾಣುತ್ತಿದ್ದರೂ ಅನುಮಾನ ಪಡಿ. ತಲೆ ಕಳಚಿ ಹಾರಿದರೆ ಮುಂದೆ ನಿಂತವರ ಗತಿ ಏನು ಅಂತ ಯೋಚಿಸಿ. ಹೀಗೆ ಅಲುಗುವ ಕ್ಲಬ್‌ನಲ್ಲಿ ಇನ್ನೊಂದೇ ಒಂದು ಹೊಡೆಯುತ್ತೇನೆ ಅನ್ನುವ ಮಾತೇ ಬೇಡ.

ಬರೀ ಗಲಗಲ ಸದ್ದು, ಉಳಿದದ್ದೆಲ್ಲ ಗಟ್ಟಿ ಅಂದರೆ ಒಳಗೆ ಅಂಟಿನ ಒಂದು ಚೂರು ಕಳಚಿ ಓಡಾಡುತ್ತಿರಬಹುದು. ಅದು ಕಿರಿಕಿರಿ ಹೌದು, ಅಪಾಯ ಕಡಿಮೆ. ಫಿಟ್ಟರ್ ಒಳಗೆ ಅಂಟು ದ್ರವ ಬಿಟ್ಟು ಅದನ್ನು ಹಿಡಿದಿಡುತ್ತಾರೆ.

ಟಣ್ ಅನ್ನುತ್ತಿದ್ದದ್ದು ಮಂದವಾಗಿ ದಪ್ ಅನ್ನಲು ಶುರುವಾದರೆ ಫೇಸ್ ಸೀಳಿರುವ ಸಾಧ್ಯತೆ ಇದೆ. ಫೇಸ್ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು, ಉಗುರು ಅಡ್ಡಡ್ಡ ಎಳೆಯಿರಿ. ಕೂದಲೆಳೆಯಷ್ಟು ಗೆರೆಗೆ ಉಗುರು ಸಿಕ್ಕಿಕೊಂಡರೆ ಸೀಳು ಅದೇ. ಕ್ರೌನ್ ಮತ್ತು ಫೇಸ್ ಕೂಡುವ ಅಂಚನ್ನೂ ಹೀಗೇ ನೋಡಿ. ಶಾಫ್ಟನ್ನು ಬಟ್ಟೆಯಲ್ಲಿ ಹಿಡಿದು ಸವರಿ, ಬರಿಗೈಯಲ್ಲಿ ಬೇಡ, ಗ್ರಾಫೈಟ್ ಎಳೆ ಚರ್ಮಕ್ಕೆ ಚುಚ್ಚಿದರೆ ತೆಗೆಯುವುದು ಕಷ್ಟ. ಸೀಳಿದ ಫೇಸನ್ನು ಅಂಟು ಹಾಕಿ ಸರಿ ಮಾಡಲು ಆಗುವುದಿಲ್ಲ, ವಾರಂಟಿ ಇದ್ದರೆ ಕೇಳಿ. ಆಟದ ನಡುವೆ ಒಡೆದರೆ, 2023ರ ನಿಯಮದ ಪ್ರಕಾರ, ನೀವು ಸಿಟ್ಟಿನಲ್ಲಿ ಕುಕ್ಕಿ ಹಾಳು ಮಾಡಿಲ್ಲದಿದ್ದರೆ ಬೇರೆ ಕ್ಲಬ್ ತರಿಸಿಕೊಳ್ಳಬಹುದು.

ಇನ್ನೊಂದು ಎಚ್ಚರಿಕೆ, ಜನ ಗಮನಿಸದ್ದು. ಟೈಟಾನಿಯಂ ತಲೆ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ, ಆ ಕಿಡಿಗೆ ಒಣ ಹುಲ್ಲು ಹೊತ್ತಿಕೊಳ್ಳಬಲ್ಲದು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಸಂಶೋಧಕರು 2014ರಲ್ಲಿ ತೋರಿಸಿದರು. ಚೆಂಡು ಒಣಹುಲ್ಲು, ಕಲ್ಲು ಇರುವಲ್ಲಿ ಸಿಕ್ಕಿದ್ದರೆ ಅಲ್ಲಿ ಟೈಟಾನಿಯಂ ಕ್ಲಬ್ ಎತ್ತಬೇಡಿ.

ಮೊಣಕೈ, ಮಣಿಕಟ್ಟು, ಬೆನ್ನು ನೋಯುತ್ತಿದೆ

ಇದು ಕ್ಲಬ್ಬಿನ ದೋಷ ಅಂತ ಹುಡುಕುತ್ತಾ ಹೊಡೆಯುತ್ತಾ ಇರಬೇಡಿ. ಒಂದೆರಡು ವಾರ ಡ್ರೈವರ್ ಬಿಡಿ. ಗಟ್ಟಿ ಮ್ಯಾಟ್ ಮೇಲೆ ನೂರಾರು ಚೆಂಡು ಹೊಡೆಯುವುದು, ಸವೆದ ಗ್ರಿಪ್, ಮೈ ಬಿಸಿ ಮಾಡಿಕೊಳ್ಳದೇ ಮೊದಲ ಏಟಿಗೇ ಡ್ರೈವರ್, ಈ ಮೂರನ್ನು ಮೊದಲು ಸರಿಮಾಡಿ. ಬೆರಳು ಜೋಮು ಹಿಡಿಯುತ್ತಿದ್ದರೆ, ಕಾಲಿಗೆ ನೋವು ಇಳಿಯುತ್ತಿದ್ದರೆ, ವಿಶ್ರಾಂತಿ ಕೊಟ್ಟರೂ ಹೋಗದಿದ್ದರೆ ಡಾಕ್ಟರನ್ನು ನೋಡಿ.

ಇಷ್ಟಾದರೂ ಸರಿಹೋಗಲಿಲ್ಲ, ಹೊಸದೇ ಬೇಕು

ಹಾಗಾದರೆ ಫಿಟ್ಟರ್ ಹತ್ತಿರ ಹೋಗಿ, ಫೋನಿನಲ್ಲಿರುವ ಫೇಸಿನ ಫೋಟೊಗಳನ್ನು ತೋರಿಸಿ. ಸಮಸ್ಯೆ ಏನು ಅಂತ ಒಂದೇ ವಾಕ್ಯದಲ್ಲಿ ಹೇಳಿ, ಬಜೆಟ್ ಆಮೇಲೆ. ಅಲ್ಲಿ ಯಂತ್ರದ ಪರದೆಯಲ್ಲಿ ಅತಿ ದೂರ ಹೋದ ಒಂದು ಹೊಡೆತವನ್ನು ಹೈಲೈಟ್ ಮಾಡಿ ತೋರಿಸುತ್ತಾರೆ. ಅದು ಕಣ್ಣಿಗೆ ಹಬ್ಬ. ನೀವು ಕೇಳಬೇಕಾದ್ದು ಎಲ್ಲ ಹೊಡೆತಗಳ ಸರಾಸರಿ ಎಷ್ಟು, ಎಡ ಬಲಕ್ಕೆ ಎಷ್ಟು ಹರಡಿದೆ, ಅತಿ ಕೆಟ್ಟದ್ದು ಎಲ್ಲಿ ಬಿತ್ತು ಅನ್ನುವುದು. ಹ್ಯಾಂಡಿಕ್ಯಾಪ್ ಇಳಿಸುವುದು ಆ ಅತಿ ಕೆಟ್ಟ ಹೊಡೆತ ಆಟದೊಳಗೆ ಉಳಿಯುವುದರಿಂದ. ಒಂದೇ ತಲೆಯನ್ನು 45.5 ಮತ್ತು 44.5 ಇಂಚಿನಲ್ಲಿ, 10.5 ಮತ್ತು 12 ಲಾಫ್ಟಿನಲ್ಲಿ ಹೊಡೆದು ನೋಡಲು ಬಿಡಿ ಅಂತ ಕೇಳಿ. ಒಪ್ಪದವರ ಹತ್ತಿರ ಕೊಳ್ಳಬೇಡಿ. ಇಪ್ಪತ್ತು ಇಪ್ಪತ್ತೈದು ಚೆಂಡಾದ ಮೇಲೆ ಮೈ ಸುಸ್ತಾಗಿ ಸ್ವಿಂಗ್ ಬದಲಾಗುತ್ತದೆ, ಅಲ್ಲಿ ನಿಲ್ಲಿಸಿ, ಬೇಕಿದ್ದರೆ ಇನ್ನೊಂದು ದಿನ ಬನ್ನಿ.

ಸ್ಕ್ರೂ, ಜಾರುವ ತೂಕ, ನಾಲ್ಕೈದು ಸೆಟ್ಟಿಂಗ್ ಇರುವುದು ಬೇಡವೇ ಬೇಡ ಅಂತಲ್ಲ. ಆದರೆ ಪ್ರತಿ ಕೆಟ್ಟ ರೌಂಡ್ ಆದ ಮೇಲೆ ಅದನ್ನು ತಿರುಗಿಸುವ ಆಸೆ ಬರುತ್ತದೆ, ಆಗ ಯಾವುದು ಸ್ವಿಂಗಿನ ತಪ್ಪು, ಯಾವುದು ಸೆಟ್ಟಿಂಗಿನದ್ದು ಅಂತ ತಿಳಿಯುವುದೇ ಇಲ್ಲ. ಒಂದು ಸಲ ಫಿಟ್ಟರ್ ಹಾಕಿಕೊಟ್ಟದ್ದನ್ನು ಒಂದು ಸೀಸನ್ ಪೂರ್ತಿ ಮುಟ್ಟದೆ ಆಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಒಳ್ಳೆಯ ದಾರಿ, ನಾನಂತೂ ಅದನ್ನೇ ಹೇಳುವುದು. ಆದರೆ ಫೇಸ್, ಕ್ರೌನ್ ಅಂಚು, ಬುಡದ ಉಂಗುರ ಮೇಲೆ ಹೇಳಿದಂತೆ ನೋಡಿ. ನಕಲಿ ಡ್ರೈವರ್‌ಗಳೂ ಓಡಾಡುತ್ತಿವೆ, ಸೀರಿಯಲ್ ನಂಬರ್ ಕಂಪನಿಗೆ ಕೊಟ್ಟು ವಿಚಾರಿಸಿ. ಪಂದ್ಯ ಆಡುವವರು ಆ ತಲೆಯ ಹೆಸರು ಗಾಲ್ಫ್ ನಿಯಮ ಮಾಡುವ ಸಂಸ್ಥೆಗಳಾದ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಪ್ರಕಟಿಸುವ ಮಾನ್ಯ ಡ್ರೈವರ್‌ಗಳ ಪಟ್ಟಿಯಲ್ಲಿದೆಯಾ ಅಂತ ನೋಡಿ. ಕೊನೆಗೆ ಉದ್ದ ಅಳೆಯಿರಿ, ಕ್ಲಬ್ಬನ್ನು ಆಡುವ ಹಾಗೆ ನೆಲಕ್ಕೆ ತಾಗಿಸಿ, ಹೀಲ್ ನೆಲ ಮುಟ್ಟುವ ಜಾಗದಿಂದ ಗ್ರಿಪ್ ತುದಿಯವರೆಗೆ. ಹಿಂದಿನವರು ಕತ್ತರಿಸಿ 44.5 ಮಾಡಿದ್ದರೆ, ಆ ಕಾರಣಕ್ಕೇ ಯಾರೂ ಕೊಳ್ಳದೆ ಉಳಿದಿದ್ದರೆ, ತಲೆಯ ತೂಕ ಕೈಗೆ ಹಿತವಾಗಿದೆಯಾ ಅಂತ ನಾಲ್ಕು ಸಲ ಬೀಸಿ ನೋಡಿ ತೆಗೆದುಕೊಂಡುಬಿಡಿ. ಬೀಸುವ ಮೊದಲು ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.